ಕೊಲ್ಹಾಪುರದ ಶಿಖರ ಕಂಡವರಿಗೆ ಅಥಣಿಯ ಚಪ್ಪಲಿ ಕಾಣಲಿಲ್ಲವೇ?



ಹೋದ ಶ್ರಾವಣದಲ್ಲಿ ನಮ್ಮ ಭಾಗದ ಒಂದು ಮಠದಲ್ಲಿ ತಿಂಗಳ ಪ್ರವಚನ ಮಂಗಲವಾಗಿ, ಪ್ರಸಾದವೂ ಮುಗಿದ ಮೇಲೆ ಊರ ಹಿರಿಯರು ಕೆಲವರು ಪೂಜ್ಯರ ಮುಂದೆ ಕೂತಿದ್ದರು. ನಾನೂ ಒಂದು ಕಂಬಕ್ಕೆ ಒರಗಿ ಕೂತಿದ್ದೆ. ಮಾತು ಮಳೆಯಿಂದ ಕಬ್ಬಿಗೆ ಬಂತು, ಕಬ್ಬಿನಿಂದ ಕೆಲಸವಿಲ್ಲದೆ ಕಟ್ಟೆಯ ಮೇಲೆ ಮೊಬೈಲ್ ತಿಕ್ಕುತ್ತ ಕೂಡುವ ಹುಡುಗರಿಗೆ ಬಂತು. ಆಗ ಮಠಕ್ಕೆ ಬೇಕಾದವರೂ ಊರಿಗೆ ಬೇಕಾದವರೂ ಆದ ಒಬ್ಬ ಅನುಕೂಲಸ್ಥ ಭಕ್ತರು ಒಂದು ಯೋಜನೆ ಬಿಚ್ಚಿದರು.

"ಅಪ್ಪಾರ, ನಿಪ್ಪಾಣಿಯಿಂದ ಕೊಲ್ಹಾಪುರ ಎಷ್ಟರೆ ದೂರ? ನಾಲ್ವತ್ತು ಕಿಲೋಮೀಟರ. ನಮ್ಮ ಐದೂ ತಾಲೂಕಿನ ಮಂದಿ ಅಂಬಾಬಾಯಿ, ಜ್ಯೋತಿಬಾ, ಪನ್ಹಾಳ, ನರಸೋಬಾವಾಡಿ ಅಂತ ಹೋಗಿ ರೊಕ್ಕ ಸುರುವಿ ಬರ್ತಾರ. ಆ ಊರು ಬೆಳದದ್ದ ಅದರಿಂದ. ನಾವೂ ಯಡೂರು, ಚಿಂಚಲಿ, ಮಂಗಸೂಳಿ, ಅಥಣಿ ಗದ್ದುಗಿ ಎಲ್ಲಾ ಕೂಡಿಸಿ ಒಂದು ಸರ್ಕೀಟ ಮಾಡೂಣು. ದೊಡ್ಡದೊಂದು ಮೂರ್ತಿ ನಿಲ್ಲಸೂಣು. ಹೊಳಿಯಾಗ ಬೋಟಿಂಗ ಇಡೂಣು. ಮಠದ ಜಾಗಾದಾಗ ಯಾತ್ರಿನಿವಾಸ. ಮಂದಿ ಬರ್ತಾರ, ರೊಕ್ಕ ಬರತೈತಿ, ಹುಡುಗರಿಗೆ ಕೆಲಸ ಸಿಗತೈತಿ."

ಎಲ್ಲರೂ ತಲೆ ಹಾಕಿದರು. ಒಬ್ಬರು ಆಗಲೇ ಮೂರ್ತಿ ಎಷ್ಟು ಅಡಿ ಇರಬೇಕೆಂಬ ಲೆಕ್ಕಕ್ಕೆ ಇಳಿದರು. ಅಷ್ಟರಲ್ಲಿ ಹೊಸ್ತಿಲ ಹತ್ತಿರ, ಚಪ್ಪಲಿ ಬಿಡುವ ಕಡೆ, ನಿಂತೇ ಇದ್ದ ಒಬ್ಬ ಮುದುಕರು ಕೇಳಿದರು:

"ನಮ್ಮ ಓಣಿ ಆ ಸರ್ಕೀಟದಾಗ ಬರತೈತೇನ್ರಿ ಅಪ್ಪಾರ?"

ಅವರು ಸಮಗಾರ ಓಣಿಯವರು. ಚಪ್ಪಲಿ ಹೊಲಿದೇ ಕೂದಲು ಬೆಳ್ಳಗಾದವರು. ಯಾರೋ ನಕ್ಕರು, ಯಾರೋ "ಬರತೈತಿ ಬರತೈತಿ ಕಾಕಾ" ಅಂದರು, ಮಾತು ಮತ್ತೆ ಮೂರ್ತಿಗೆ ಹೊರಳಿತು. ಆ ಪ್ರಶ್ನೆಗೆ ಅಂದು ಯಾರೂ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ, ಸುಮ್ಮನೆ ಕೂತೆ. ಆ ಸುಮ್ಮನಿರುವಿಕೆಯ ತಪ್ಪಿಗೆ ಈ ಬರಹ.

ಮೊದಲು ಆ ಭಕ್ತರ ಮಾತನ್ನೇ ತೆಗೆದುಕೊಳ್ಳೋಣ. ಕೊಲ್ಹಾಪುರ ಬೆಳೆದದ್ದು ಪ್ರವಾಸಿಗರಿಂದ ಎಂದರು. ಹೌದೇ? ಕೊಲ್ಹಾಪುರಕ್ಕೆ ಹೋಗಿ ದರ್ಶನ ಮಾಡಿ, ತಾಂಬಡಾ ರಸ್ಸಾ ಬೇಡವಾದವರು ಮಿಸಳ ತಿಂದು, ರಂಕಾಳಾ ಕೆರೆಯ ದಂಡೆಯ ಮೇಲೆ ಫೋಟೋ ತೆಗೆಸಿಕೊಂಡು ಬಂದವರಿಗೆ ಹಾಗೆ ಕಾಣುವುದು ಸಹಜ. ಆದರೆ ಆ ಊರಿನ ಬೆನ್ನೆಲುಬು ಗುಡಿಯ ಬೀದಿಯಲ್ಲಿಲ್ಲ. 1894ರಿಂದ 1922ರವರೆಗೆ ಆಳಿದ ಶಾಹು ಮಹಾರಾಜರು ಆ ಸಣ್ಣ ಸಂಸ್ಥಾನದಲ್ಲಿ ಮಾಡಿದ ಕೆಲಸಗಳನ್ನು ನೋಡಿ. ಭೋಗಾವತಿ ಹೊಳೆಗೆ ರಾಧಾನಗರಿ ಅಣೆಕಟ್ಟು ಕಟ್ಟಲು ಕೈಹಾಕಿದರು. ಬೆಲ್ಲದ ಪೇಟೆಗೆ ಶಾಹುಪುರಿ ಕಟ್ಟಿಸಿದರು. ನೂಲಿನ ಗಿರಣಿ ಹಾಕಿಸಿದರು. 1902ರ ಜುಲೈ 26ರಂದು ಸಂಸ್ಥಾನದ ಹುದ್ದೆಗಳಲ್ಲಿ ಹಿಂದುಳಿದವರಿಗೆ ಶೇ. 50 ಮೀಸಲು ಎಂದು ಆಜ್ಞೆ ಹೊರಡಿಸಿದರು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವಾಗಿಯೂ ಉಚಿತವಾಗಿಯೂ ಮಾಡಿದರು. ಮರಾಠರು, ಜೈನರು, ಮುಸ್ಲಿಮರು, ದಲಿತರು, ನಮ್ಮ ಲಿಂಗಾಯತರು, ಹೀಗೆ ಎಲ್ಲ ಸಮಾಜಗಳ ಹುಡುಗರಿಗೂ ವಸತಿ ನಿಲಯಗಳಾದವು. ಗಡಿಯ ಈಚೆಯ ಎಷ್ಟೋ ಲಿಂಗಾಯತ ಮನೆತನಗಳ ಮೊದಲ ವಕೀಲ, ಮೊದಲ ಡಾಕ್ಟರ್ ಆ ಊರಿನ ಅನ್ನ ಉಂಡು ಓದಿದವರು.

ಅದರ ಮೇಲೆ ಬಂದದ್ದು ಸಹಕಾರ. ವಾರಣಾ ದಂಡೆಯ ಬರಡಿನಲ್ಲಿ ತಾತ್ಯಾಸಾಹೇಬ ಕೋರೆಯವರು ಸಕ್ಕರೆ ಕಾರ್ಖಾನೆಯಿಂದ ಹಿಡಿದು ಹಾಲು, ಶಾಲೆ, ಮಕ್ಕಳ ವಾದ್ಯವೃಂದದವರೆಗೆ ಕಟ್ಟಿದರು. 1963ರಲ್ಲಿ ಹುಟ್ಟಿದ ಜಿಲ್ಲಾ ಹಾಲು ಸಂಘ 'ಗೋಕುಳ' ಎಂಬ ಹೆಸರಿನಲ್ಲಿ ಇವತ್ತು ಮುಂಬೈ-ಪುಣೆಗೆ ಹಾಲು ಕೊಡುತ್ತಿದೆ. ಇಚಲಕರಂಜಿಯಲ್ಲಿ 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಸದ್ದು ಮಾಡಿತು. ಕೊಲ್ಹಾಪುರದ ಉದ್ಯಮನಗರದ ಎರಕದ ಭಟ್ಟಿಗಳಲ್ಲಿ ಕಬ್ಬಿಣ ಕರಗುತ್ತಲೇ ಇದೆ. ನೀರು, ಪೇಟೆ, ಶಾಲೆ, ಹಾಲು, ಮಗ್ಗ, ಭಟ್ಟಿ ಇವಿಷ್ಟೂ ಆದ ಊರಿಗೆ ಪ್ರವಾಸಿಗ ಬಂದ. ಅವನು ಬಂದದ್ದರಿಂದ ಇವು ಆದವಲ್ಲ. ಮದುವೆ ಮನೆಯಲ್ಲಿ ಮೇಲಿನ ಚಪ್ಪರ ನೋಡಿ, ಇದರಿಂದಲೇ ಈ ಮನೆ ಸಿರಿವಂತವಾಯಿತು ಅಂದರೆ ಹೇಗೋ ಹಾಗಾಯಿತು ನಮ್ಮ ಲೆಕ್ಕ.

ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಕೊಲ್ಹಾಪುರದಲ್ಲಿ ನೂರು ಲಾಡ್ಜುಗಳಿರಬಹುದು. ಆದರೆ ಆ ಊರಿನ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಹೋಟೆಲು ಒಂದು ಸಣ್ಣ ಚಹಾದಂಗಡಿ. ಅಸ್ಪೃಶ್ಯನೆಂದು ಪೆಟ್ಟು ತಿಂದ ಗಂಗಾರಾಮ ಕಾಂಬಳೆಯವರಿಗೆ ಅಂಗಡಿ ಇಡಲು ಶಾಹು ಮಹಾರಾಜರು ನೆರವಾದರು. ಜನ ಅಲ್ಲಿ ಚಹಾ ಕುಡಿಯಲು ಹಿಂಜರಿದಾಗ ತಾವೇ ಗಾಡಿ ನಿಲ್ಲಿಸಿ, ಜೊತೆಗಿದ್ದ ಮೇಲ್ಜಾತಿಯವರನ್ನೂ ಕೂಡಿಸಿಕೊಂಡು ಆ ಅಂಗಡಿಯ ಚಹಾ ಕುಡಿದರು. ಕೊಲ್ಹಾಪುರವನ್ನು ನಕಲು ಮಾಡಬೇಕೆನ್ನುವ ನಮ್ಮ ಭಕ್ತರಿಗೆ ನಾನು ಕೇಳುವುದು ಇಷ್ಟೇ: ನಾಳೆ ನಿಮ್ಮ ಯಾತ್ರಿನಿವಾಸದ ಮುಂದೆ ಖಾನಾವಳಿ ಇಡುವ ಅವಕಾಶ ಸಮಗಾರ ಓಣಿಯ ಹೆಣ್ಣುಮಗಳಿಗೆ ಕೊಡುತ್ತೀರಾ? ಅವಳು ಬಡಿದ ಜೋಳದ ರೊಟ್ಟಿಯನ್ನು ದೂರದ ಭಕ್ತರಿಗಿಂತ ಮೊದಲು ನೀವು ಉಣ್ಣುತ್ತೀರಾ? ಹೌದು ಅನ್ನುವುದಾದರೆ ಈ ಬರಹದ ಅರ್ಧ ನಾನು ಹಿಂದೆ ತೆಗೆದುಕೊಳ್ಳುತ್ತೇನೆ.

ಮಹಾರಾಷ್ಟ್ರ ಸರಕಾರ 2025ರ ಮೇ 6ರಂದು ಚೌಂಡಿಯಲ್ಲಿ ನಡೆಸಿದ ಸಂಪುಟ ಸಭೆಯಲ್ಲಿ ಕೊಲ್ಹಾಪುರದ ಮಹಾಲಕ್ಷ್ಮಿ ಕ್ಷೇತ್ರದ ಅಭಿವೃದ್ಧಿಗೆ 1,445 ಕೋಟಿ ರೂಪಾಯಿ, ಜ್ಯೋತಿಬಾಕ್ಕೆ 259 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಈ ಅಂಕಿ ಕೇಳಿದ ಮೇಲೆಯೇ ನಮ್ಮ ಕಡೆ ಬಾಯಲ್ಲಿ ನೀರೂರಲು ಶುರುವಾದದ್ದು. ಆ ಹಣದಿಂದ ಗುಡಿಯ ಸುತ್ತ ಏನೇನು ಆಗುತ್ತದೋ ಆಗಲಿ, ತಲೆಮಾರಿನಿಂದ ಅಲ್ಲಿ ಅಂಗಡಿ ಇಟ್ಟವರು, ಮನೆ ಮಾಡಿಕೊಂಡವರು ತಮ್ಮ ಜಾಗ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿದ್ದಾರೆ. ಅಭಿವೃದ್ಧಿ ಎನ್ನುವುದು ಗುಡಿಯ ಮುಂದಿನ ಕುಂಕುಮ ಮಾರುವವಳನ್ನು ಎಬ್ಬಿಸಿ, ಕಾಂಕ್ರೀಟ್ ಹಾಸುವುದರಿಂದಲೇ ಶುರುವಾಗುವುದನ್ನು ನಾವು ಎಷ್ಟು ಊರಲ್ಲಿ ನೋಡಿಲ್ಲ!

ಪ್ರವಾಸದ ಮೇಲೆ ನಿಂತ ಅನ್ನ ಎಷ್ಟು ಗಟ್ಟಿ ಎನ್ನುವುದನ್ನು ಕೊರೊನಾ ಕಾಲ ತೋರಿಸಿಕೊಟ್ಟಿತು. 2020ರ ಮಾರ್ಚಿನಿಂದ ನವೆಂಬರಿನವರೆಗೆ ಮಹಾರಾಷ್ಟ್ರದ ಗುಡಿಗಳ ಬಾಗಿಲು ಮುಚ್ಚಿದ್ದವು. 2021ರಲ್ಲಿ ಮತ್ತೆ ಅಕ್ಟೋಬರ್‌ವರೆಗೆ ಮುಚ್ಚಿದವು. ಹೂವಿನವ, ತೆಂಗಿನಕಾಯಿಯವ, ರಿಕ್ಷಾದವ ಕೈಕಟ್ಟಿ ಕೂತರು. ಹಾಲಿನ ಗಾಡಿ ಮಾತ್ರ ಓಡುತ್ತಲೇ ಇತ್ತು. ಎಮ್ಮೆಗೆ ಲಾಕ್‌ಡೌನ್ ಗೊತ್ತಿಲ್ಲ.

ಇನ್ನು ನಮ್ಮ ಅಂಗಳದ ಮಾತು. ನಮ್ಮಲ್ಲಿ ಮಂದಿ ಬರುವುದೇ ಇಲ್ಲವೇ? ಭಾರತ ಹುಣ್ಣಿಮೆಗೆ ರಾಯಬಾಗ ತಾಲೂಕಿನ ಚಿಂಚಲಿಗೆ ಹೋಗಿ ನೋಡಿ. ಮಾಯಕ್ಕದೇವಿಯ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಮಹಾರಾಷ್ಟ್ರದಿಂದ ಸವಾರಿ ಬಂಡಿ ಕಟ್ಟಿಕೊಂಡು ಬರುವವರಿದ್ದಾರೆ. ಭಂಡಾರದಿಂದ ದಾರಿಯೆಲ್ಲ ಹಳದಿಯಾಗುತ್ತದೆ. ಮಂಗಸೂಳಿಯ ಮಲ್ಲಯ್ಯನಿಗೂ ಆಚೆಯ ಭಕ್ತರೇ ಹೆಚ್ಚು. ಯಡೂರಿಗೆ ಅಮಾವಾಸ್ಯೆಗೆ ದಾರಿ ಸಾಲುವುದಿಲ್ಲ. ಯಾರ ಭಕ್ತಿಯನ್ನೂ ಹೀಯಾಳಿಸುವ ಮನಸ್ಸು ನನಗಿಲ್ಲ. ಕೇಳುವುದು ಇಷ್ಟೇ: ಇಷ್ಟು ತಲೆಮಾರುಗಳಿಂದ ಇಷ್ಟು ಮಂದಿ ಬಂದು ಹೋದರೂ ಆ ಊರುಗಳ ಕೂಲಿಯವನ ಮನೆ ಪಕ್ಕದ ಊರಿನ ಕೂಲಿಯವನ ಮನೆಗಿಂತ ಒಂದು ಹೆಂಚು ಹೆಚ್ಚು ಕಂಡಿದೆಯೇ? ಜಾತ್ರೆಯ ವಾರ ಬೆಂಡು ಬತ್ತಾಸು, ತೆಂಗಿನಕಾಯಿ ಮಾರಿದವನಿಗೆ ನಾಲ್ಕು ಕಾಸು ಸಿಕ್ಕಿತು, ನಿಜ. ಅದನ್ನು ಅಲ್ಲಗಳೆಯುವುದಿಲ್ಲ. ಎಂಟನೆಯ ದಿನ ಅವನೂ ಕಬ್ಬು ಕಡಿಯಲು ಹೋಗುತ್ತಾನೆ. ಊರಿಗೆ ಉಳಿಯುವುದು ಪ್ಲಾಸ್ಟಿಕ್ಕು ಮತ್ತು ಬಸವಳಿದ ಹಳ್ಳ.

ಲಿಂಗಾಯತರಾದ ನಮಗೆ ಇದರಲ್ಲಿ ಇನ್ನೂ ಒಂದು ಪ್ರಶ್ನೆ ಇದೆ, ಅದನ್ನು ಮಠದ ಪತ್ರಿಕೆಯಲ್ಲಿ ಅಲ್ಲದೆ ಮತ್ತೆಲ್ಲಿ ಕೇಳಬೇಕು? ಅಪ್ಪ ಬಸವಣ್ಣನವರು ದೇವರನ್ನು ಗುಡಿಯಿಂದ ಬಿಡಿಸಿ ಅಂಗೈಗೆ ತಂದುಕೊಟ್ಟರು. ಹೊಲದಲ್ಲಿದ್ದವನಿಗೆ ಹೊಲದಲ್ಲಿ, ಮಗ್ಗದಲ್ಲಿದ್ದವಳಿಗೆ ಮಗ್ಗದಲ್ಲಿ ದೇವರು. ದರ್ಶನಕ್ಕೆ ಸಾಲು ನಿಲ್ಲುವುದೂ ಬೇಡ, ಪಾಸಿಗೆ ರೊಕ್ಕವೂ ಬೇಡ. ಇಷ್ಟಲಿಂಗ ಕಟ್ಟಿಕೊಂಡ ನಾವೇ ಈಗ ಸ್ಥಾವರಗಳನ್ನು ಪೋಣಿಸಿ ಸರ್ಕೀಟ ಮಾಡಿ, ಮಠದ ಗದ್ದುಗೆಯನ್ನೂ ಅದರಲ್ಲಿ ಒಂದು ನಿಲ್ದಾಣ ಮಾಡಲು ಹೊರಟರೆ ಶರಣರಿಗೆ ಏನೆಂದು ಹೇಳೋಣ?

ಕಲ್ಯಾಣಕ್ಕೂ ದೂರದಿಂದ ಜನ ಬಂದಿದ್ದರಲ್ಲ ಎನ್ನಬಹುದು. ಬಂದರು. ಸೌರಾಷ್ಟ್ರದಿಂದ ಆದಯ್ಯ ಬಂದರೆನ್ನುತ್ತಾರೆ. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಮೋಳಿಗೆಯ ಮಾರಯ್ಯ ಬಂದರೆಂದು ನಮ್ಮ ಪರಂಪರೆ ಹೇಳುತ್ತದೆ. ಬಂದ ಅರಸ ಏನು ಮಾಡಿದ? ಕಲ್ಯಾಣದ ಕೋಟೆ ನೋಡಿ, ಅನುಭವ ಮಂಟಪದ ಮುಂದೆ ನಿಂತು ಕೃತಾರ್ಥನಾಗಿ ಹಿಂದಿರುಗಲಿಲ್ಲ. ಕಟ್ಟಿಗೆಯ ಹೊರೆ ಹೊತ್ತು ಮಾರಿದ, ಅದರಿಂದ ದಾಸೋಹ ಮಾಡಿದ. ಕಲ್ಯಾಣಕ್ಕೆ ಬಂದವನಿಗೆ ಕೇಳುತ್ತಿದ್ದ ಮೊದಲ ಪ್ರಶ್ನೆ ಕಾಯಕ ಯಾವುದು ಎಂಬುದು. ನೋಡಲು ಬಂದವರಿಂದ ಕಲ್ಯಾಣ ಬೆಳೆಯಲಿಲ್ಲ, ದುಡಿಯಲು ಬಂದವರಿಂದ ಬೆಳೆಯಿತು. ಅದೇ ಬಸವಕಲ್ಯಾಣದಲ್ಲಿ 2021ರ ಜನವರಿ 6ರಂದು ಸುಮಾರು 500 ಕೋಟಿ ರೂಪಾಯಿಯ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಹಾಕಿದರು. ಆ ಕಟ್ಟಡ ಬೇಡವೆನ್ನುವವನು ನಾನಲ್ಲ. ಶರಣರ ನೆನಪಿಗೆ ಒಂದು ದೊಡ್ಡ ಮನೆ ಇರಲಿ. ಆದರೆ ಅಲ್ಲಿ ಕಾಯಕವಿಲ್ಲದೆ ಬರೀ ಟಿಕೆಟ್ ಮತ್ತು ಸೆಲ್ಫಿ ನಡೆದರೆ ಅದಕ್ಕೆ ಅನುಭವ ಮಂಟಪ ಎಂಬ ಹೆಸರು ಭಾರವಾದೀತು. ಐದು ತಾಲೂಕಿಗೆ ಐದು ಸಣ್ಣ ಸಣ್ಣ ನಕಲುಗಳಂತೂ ಖಂಡಿತ ಬೇಡ.

ಅಥಣಿಯ ಮುರುಘೇಂದ್ರ ಶಿವಯೋಗಿಗಳನ್ನು ನೆನೆಯಿರಿ. 1836ರಲ್ಲಿ ನದಿ ಇಂಗಳಗಾಂವದಲ್ಲಿ ಹುಟ್ಟಿ, 1921ರಲ್ಲಿ ಲಿಂಗೈಕ್ಯರಾಗುವವರೆಗೆ ಗಚ್ಚಿನಮಠದಲ್ಲಿದ್ದು ತಪಸ್ಸು ಮಾಡಿದವರು. ದೊಡ್ಡವರು ಸಣ್ಣವರು ಹುಡುಕಿಕೊಂಡು ಬಂದರು. ಹೆದ್ದಾರಿಯಲ್ಲಿ ಫಲಕ ಹಾಕಿಸಿ ಯಾರನ್ನೂ ಕರೆಸಿಕೊಂಡವರಲ್ಲ ಅವರು.

ಈಗ ಆ ಮುದುಕರ ಪ್ರಶ್ನೆಗೆ ಬರುತ್ತೇನೆ.

ಕೊಲ್ಹಾಪುರಕ್ಕೆ ಹೋದ ಪ್ರವಾಸಿಗ ಅಂಬಾಬಾಯಿಯ ದರ್ಶನ ಮಾಡಿಕೊಂಡು ಹೊರಗೆ ಬಂದವನೇ ಎಲ್ಲಿಗೆ ಹೋಗುತ್ತಾನೆ? ಚಪ್ಪಲಿ ಸಾಲಿಗೆ. ಒಂದು ಜೋಡು ಕೊಲ್ಹಾಪುರಿ ತೆಗೆದುಕೊಳ್ಳದೆ ಊರು ಬಿಡುವವರು ಕಡಿಮೆ. ಆ ಸಾಲಿನ ಅಂಗಡಿಗಳಲ್ಲಿ ತೂಗುಬಿಟ್ಟ ಚಪ್ಪಲಿಗಳಲ್ಲಿ ಎಷ್ಟೊಂದು ಅಥಣಿಯವು, ಮದಭಾವಿಯವು, ನಿಪ್ಪಾಣಿಯವು ಎನ್ನುವುದು ಹೊಲಿದವರಿಗೆ ಗೊತ್ತು, ಕೊಂಡು ತಂದ ವ್ಯಾಪಾರಿಗೆ ಗೊತ್ತು, ಹಾಕಿಕೊಂಡು ಹೋದವನಿಗೆ ಗೊತ್ತಿಲ್ಲ. ಅಂದರೆ ಕೊಲ್ಹಾಪುರದ ಪ್ರವಾಸೋದ್ಯಮ ನಮ್ಮ ಊರಿನ ದುಡಿಮೆಯನ್ನು ಈಗಾಗಲೇ ಮಾರುತ್ತಿದೆ. ಕೆಲಸ ನಮ್ಮದು, ಹೆಸರು ಅವರದು, ನಡುವಿನ ಲಾಭ ಮೂರನೆಯವನದು. ಬೇನೆ ಇರುವುದು ಇಲ್ಲಿ. ಇದಕ್ಕೆ ಯಾತ್ರಿನಿವಾಸ ಹೇಗೆ ಮದ್ದಾಗುತ್ತದೆ, ಯಾರಾದರೂ ಹೇಳಲಿ.

ಆ ಓಣಿಗೆ ಒಮ್ಮೆ ಹೋಗಿ ಕೂತು ನೋಡಿ. ನಾನು ಮೂವತ್ತು ವರ್ಷ ಮಾಸ್ತರಿಕೆ ಮಾಡಿದರೂ ಅಲ್ಲಿಗೆ ಹೋಗಿ ಕೂತದ್ದು ನಿವೃತ್ತಿಯಾದ ಮೇಲೆ, ನಾಚಿಕೆಯ ಮಾತು. ಎಮ್ಮೆಯ ಚರ್ಮ. ಅದನ್ನು ಹದ ಮಾಡಲು ಜಾಲಿಯ ತೊಗಟೆ, ಅಳಲೆಕಾಯಿ. ಹದ ಮಾಡುವವರು ಡೋಹರರು, ಕಕ್ಕಯ್ಯನ ವಂಶದವರು. ಹೊಲಿಯುವವರು ಸಮಗಾರರು, ಹರಳಯ್ಯನ ವಂಶದವರು. ಗಂಡಸರು ರಂಪಿಗೆ ಹಿಡಿದು ಅಟ್ಟೆ ಕತ್ತರಿಸುತ್ತಾರೆ. ಹೆಂಗಸರು ಕೂದಲಿನಂತೆ ಸೀಳಿದ ಚರ್ಮದ ಎಳೆಯನ್ನು ಜಡೆ ಹೆಣೆದಂತೆ ಹೆಣೆಯುತ್ತಾರೆ, ಸಣ್ಣ ಉಳಿಯಿಂದ ಚುಕ್ಕಿ ಹೊಡೆಯುತ್ತಾರೆ. ಹಳೆಯ ಪದ್ಧತಿಯ ಜೋಡಿನಲ್ಲಿ ಒಂದು ಕಬ್ಬಿಣದ ಮೊಳೆ ಇರುವುದಿಲ್ಲ, ಚರ್ಮವನ್ನು ಚರ್ಮದಿಂದಲೇ ಹೊಲಿಯುತ್ತಾರೆ. ಅಕ್ಕಪಕ್ಕ ಕಿವಿಯಂತೆ ಪಟ್ಟಿ ಇರುವುದು ಒಂದು ನಮೂನೆ, ಕಾಪಶಿ ಇನ್ನೊಂದು. ನಡೆದರೆ ಕರಕರ ಸದ್ದು ಮಾಡುವುದಕ್ಕೆ ಹಿಂದೆ ಗೌಡರು ಹೆಚ್ಚಿನ ದುಡ್ಡು ಕೊಡುತ್ತಿದ್ದರಂತೆ. "ಈಗ ಯಾರಿಗೂ ಸದ್ದು ಬ್ಯಾಡ್ರಿ ಮಾಸ್ತರ, ಸೋವಿ ಬೇಕು" ಅಂದರು ಒಬ್ಬ ತಾಯಿ. ಅವರ ಇಬ್ಬರು ಮಕ್ಕಳಲ್ಲಿ ಒಬ್ಬ ಪುಣೆಯಲ್ಲಿ ಕಾವಲುಗಾರ, ಇನ್ನೊಬ್ಬ ಗಾಡಿ ಓಡಿಸುತ್ತಾನೆ. ಹೊಲಿಗೆ ಅವರಿಗೇ ಕೊನೆಯಾಗುತ್ತದೆ.

2018ರ ಡಿಸೆಂಬರಿನಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದು ಕೊಲ್ಹಾಪುರ ಒಂದಕ್ಕೇ ಸಿಕ್ಕಿದ್ದಲ್ಲ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ. ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ, ಹೀಗೆ ಎಂಟು ಜಿಲ್ಲೆಗಳಿಗೆ ಸಮ ಹಕ್ಕು. ಈ ಎಂಟರ ಸಂಗತಿ ನಮ್ಮ ಸಭೆಯಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ ಎಂದು ನಾನು ಪಣ ಕಟ್ಟಬಲ್ಲೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಎಂಬ ಕಂಪನಿ ಮಿಲಾನ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಇದೇ ನಮೂನೆಯ ಚಪ್ಪಲಿಯನ್ನು ಹೆಸರು ಹೇಳದೆ ತೋರಿಸಿತು. ಗದ್ದಲವಾಯಿತು. ಆಗ ನಮ್ಮ ರಾಜ್ಯದ ಸಚಿವ ಪ್ರಿಯಾಂಕ್ ಖರ್ಗೆಯವರು ಈ ಚಪ್ಪಲಿ ಮಾಡುವ ಕೈಗಳು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳಲ್ಲೂ ಇವೆ ಎಂದು ನೆನಪಿಸಿದರು. ನೋಡಿ, ಸರ್ಕೀಟ ಮಾಡಬೇಕೆಂದು ನಾವು ಹೊಂಚಿದ ತಾಲೂಕುಗಳ ಹೆಸರುಗಳೇ ಇವು! ಅದೇ ಡಿಸೆಂಬರಿನಲ್ಲಿ ಆ ಕಂಪನಿ ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ನಮ್ಮ ಲಿಡ್ಕರ್ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡು, ಇಲ್ಲಿಯ ಕುಶಲಕರ್ಮಿಗಳಿಂದ ಮಾಡಿಸಿದ 2,000 ಜೋಡುಗಳನ್ನು ತಲಾ ಸುಮಾರು 800 ಯೂರೋಗೆ ಮಾರುವುದಾಗಿ ಹೇಳಿತು. ಎಂಬತ್ತು ಸಾವಿರ ರೂಪಾಯಿ ಮೀರುತ್ತದೆ ಒಂದು ಜೋಡಿಗೆ. ಅದರಲ್ಲಿ ಹೊಲಿದವಳ ಕೈಗೆ ಎಷ್ಟು ಎಂಬುದನ್ನು ಕೇಳುವ ಬಾಯಿ ಬೇಕಲ್ಲ? ಅದು ಸಂಘಟನೆಯ ಕೆಲಸ, ಸಮಾಜದ ಕೆಲಸ, ಮಠದ ಕೆಲಸ.

ಆಗದ ಕೆಲಸವೇನೂ ಅಲ್ಲ. ಅಥಣಿಯಲ್ಲಿ 'ಟೋ ಹೋಲ್ಡ್' ಎಂಬ ಹೆಸರಿನಲ್ಲಿ ಚಪ್ಪಲಿ ಮಾಡುವ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳು ಸೇರಿಕೊಂಡು, ದಲ್ಲಾಳಿಯನ್ನು ಬದಿಗಿಟ್ಟು ಹೊರದೇಶಕ್ಕೆ ಮಾಲು ಕಳಿಸಿದ್ದಿದೆ. ಇಪ್ಪತ್ತು ವರ್ಷದ ಹಿಂದಿನ ಮಾತು. ಆಗ ಅವರ ಬೆನ್ನಿಗೆ ನಿಂತದ್ದು ಒಂದು ಸೇವಾಸಂಸ್ಥೆ. ನಾವಲ್ಲ.

ಹರಳಯ್ಯನ ಕಥೆ ಈ ಪತ್ರಿಕೆಯ ಓದುಗರಿಗೆ ಹೇಳಬೇಕಾದದ್ದಿಲ್ಲ. ಬಸವಣ್ಣನವರು ತನ್ನ ಒಂದು ಶರಣಾರ್ಥಿಗೆ ಎರಡು ಶರಣಾರ್ಥಿ ಅಂದದ್ದು ಋಣವಾಯಿತೆಂದು, ಹರಳಯ್ಯ-ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಹೊಲಿದು ತಂದರು. ಬಸವಣ್ಣನವರು ಅದನ್ನು ಕಾಲಿಗೆ ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡು ಹಿಂದಿರುಗಿಸಿದರು. ಅದೇ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಕಲ್ಯಾಣ ಹೊತ್ತಿ ಉರಿಯಿತು. ಪ್ರತಿ ವರ್ಷ ಬಸವ ಜಯಂತಿಗೆ ಈ ಕಥೆ ಹೇಳಿ ನಾವು ಕಣ್ಣೀರು ಹಾಕುತ್ತೇವೆ. ಭಾಷಣ ಮುಗಿಸಿ ಹೊರಬಂದು ಚಪ್ಪಲಿ ಮೆಟ್ಟುವಾಗ, ಅದನ್ನು ಹೊಲಿದವರು ಆ ಹೊತ್ತು ಎಲ್ಲಿ ನಿಂತಿದ್ದರು ಎಂದು ತಿರುಗಿ ನೋಡುವುದಿಲ್ಲ. ಹೋದ ಶ್ರಾವಣದಲ್ಲಿ ಅವರು ಹೊಸ್ತಿಲ ಹತ್ತಿರ ನಿಂತಿದ್ದರು. ಕೂಡಿರಿ ಎಂದು ಯಾರೂ ಅನ್ನಲಿಲ್ಲ.

ಬೋಟಿಂಗ್ ಬೇಕೆಂದವರಿಗೆ ಒಂದೆರಡು ಮಾತು. 2019ರ ಆಗಸ್ಟಿನಲ್ಲಿ ನಾವೆಲ್ಲ ಬೇಕಾದಷ್ಟು ಬೋಟಿಂಗ್ ಮಾಡಿದ್ದೇವೆ. ಎನ್‌ಡಿಆರ್‌ಎಫ್‌ನವರ ರಬ್ಬರ್ ದೋಣಿಯಲ್ಲಿ, ಎಮ್ಮೆ ಕರು ಬಿಟ್ಟು, ಕಾಳಿನ ಚೀಲ ಬಿಟ್ಟು, ಉಟ್ಟ ಬಟ್ಟೆಯಲ್ಲಿ. ಯಮಗರ್ಣಿಯ ಹತ್ತಿರ ವೇದಗಂಗಾ ಉಕ್ಕಿ ರಾಷ್ಟ್ರೀಯ ಹೆದ್ದಾರಿಯೇ ನಿಂತಿತ್ತು. ಆ ವರ್ಷದ ಮಾತು ಬಿಡಿ, ಮಹಾರಾಷ್ಟ್ರದ ಘಟ್ಟದಲ್ಲಿ ನಾಲ್ಕು ದಿನ ಜೋರು ಮಳೆ ಹೊಡೆದರೆ ಕಲ್ಲೋಳ-ಯಡೂರ, ಕಾರದಗಾ-ಭೋಜ, ಜತ್ರಾಟ-ಭಿವಶಿ ಕೆಳಮಟ್ಟದ ಸೇತುವೆಗಳು ವರ್ಷವರ್ಷವೂ ನೀರಿನಡಿ ಹೋಗುತ್ತವೆ. ಬಾಣಂತಿಯನ್ನು ದವಾಖಾನೆಗೆ ಒಯ್ಯಲು ಹತ್ತಾರು ಕಿಲೋಮೀಟರ್ ಸುತ್ತಬೇಕು. ಆ ಸೇತುವೆಗಳನ್ನು ಎತ್ತರಿಸಿ ಎಂದು ಒಂದು ನಿಯೋಗ ಒಯ್ಯುವ ಬದಲು, ಅದೇ ಹೊಳೆಯಲ್ಲಿ ಬಣ್ಣದ ದೋಣಿ ಬಿಡಿ ಎಂದು ಮನವಿ ಕೊಡುವುದಕ್ಕೆ ನಮಗೆ ಮನಸ್ಸಾದರೂ ಹೇಗೆ ಬಂದೀತು?

ಹೆದ್ದಾರಿಯ ಮಾತು ಬಂದದ್ದರಿಂದ ನೆನಪಾಯಿತು. ಪ್ರವಾಸಿಗರು ಕಾರಿನಲ್ಲಿ ಬರುತ್ತಾರೆಂದು ನಾವು ಕನಸು ಕಾಣುವ ಅದೇ ಪುಣೆ-ಬೆಂಗಳೂರು ರಸ್ತೆಯ ಮೇಲೆ 1981ರಲ್ಲಿ ನಿಪ್ಪಾಣಿ ಭಾಗದ ತಂಬಾಕು ಬೆಳೆಗಾರರು ಶರದ ಜೋಶಿಯವರ ಮುಂದಾಳ್ತನದಲ್ಲಿ ವಾರಗಟ್ಟಲೆ ಕೂತಿದ್ದರು. ಕೇಳಿದ್ದು ಬೆಳೆಗೆ ಬೆಲೆ. ಏಪ್ರಿಲ್ 6ರಂದು ಗುಂಡು ಹಾರಿ ರೈತರು ಸತ್ತರು. ಮೊನ್ನೆ 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಮತ್ತೆ ರಸ್ತೆಗೆ ಬಂದರು. ಟನ್ನಿಗೆ 3,500 ಕೇಳಿದರು, 3,300ಕ್ಕೆ ತೀರ್ಮಾನವಾಯಿತು. ನಲವತ್ತು ವರ್ಷ ಕಳೆದರೂ ನಮ್ಮ ಭಾಗದ ದುಡಿಯುವವನು ರಸ್ತೆಯ ಮೇಲೆ ನಿಂತು ಕೇಳುತ್ತಿರುವುದು ಒಂದೇ: ಮಾಡಿದ ಕೆಲಸಕ್ಕೆ ತಕ್ಕ ಬೆಲೆ. ಬೀಡಿ ಕಟ್ಟುವ ನಿಪ್ಪಾಣಿಯ ತಾಯಂದಿರು ಕೇಳಿದ್ದೂ ಅದನ್ನೇ. ಯಾರೊಬ್ಬರೂ ನಮ್ಮೂರಿಗೆ ನೋಡುವವರನ್ನು ಕಳಿಸಿಕೊಡಿ ಎಂದು ಕೂತದ್ದು ನನಗೆ ಗೊತ್ತಿಲ್ಲ.

ಹಾಗಾದರೆ ಮಠಗಳು ಏನು ಮಾಡಬೇಕು ಎಂದು ಕೇಳುವಿರಿ. ಐದೂ ತಾಲೂಕಿನ ಪೇಟೆಗಳಲ್ಲಿ ನಡೆದು ಹೋಗಿ, ಬಸವೇಶ್ವರರ ಹೆಸರಿನ, ಶಿವಯೋಗಿಗಳ ಹೆಸರಿನ, ಶರಣರ ಹೆಸರಿನ ಪತ್ತಿನ ಸಂಘಗಳ, ಸೌಹಾರ್ದ ಸಹಕಾರಿಗಳ ಫಲಕಗಳು ಎಷ್ಟಿವೆ ಎಣಿಸಿ. ಹೆಚ್ಚಿನವುಗಳ ಆಡಳಿತ ಮಂಡಳಿಯಲ್ಲಿ ಕೂತವರು ನಮ್ಮವರೇ, ಉದ್ಘಾಟಿಸಿದವರು ನಮ್ಮ ಪೂಜ್ಯರೇ. ಆ ಸಂಘಗಳು ಟ್ರ್ಯಾಕ್ಟರಿಗೆ, ಬಂಗಾರಕ್ಕೆ, ಮದುವೆಗೆ ಸಾಲ ಕೊಡುತ್ತವೆ. ಹರಳಯ್ಯನ ಓಣಿಗೆ ಎಷ್ಟು ಕೊಟ್ಟಿವೆ? ಒಬ್ಬ ಸಮಗಾರ ನಿರ್ದೇಶಕನನ್ನು ಯಾವ ಸಂಘದಲ್ಲಿ ಕೂಡಿಸಿದ್ದೀರಿ? ಚಪ್ಪಲಿ ಮಾಡುವವನ ಕತ್ತು ಹಿಸುಕುತ್ತಿರುವುದು ಚರ್ಮ ಕೊಳ್ಳಲು ಬೇಕಾದ ಮುಂಗಡ. ಆ ಮುಂಗಡ ವ್ಯಾಪಾರಿ ಕೊಡುತ್ತಾನೆ, ಆದ್ದರಿಂದ ಮಾಲಿನ ಬೆಲೆಯನ್ನೂ ಅವನೇ ಹೇಳುತ್ತಾನೆ. ಈ ಒಂದು ಗಂಟನ್ನು ಬಿಚ್ಚಲು 1,445 ಕೋಟಿ ಬೇಡ. ಬಸವಣ್ಣನ ಹೆಸರು ಹೊತ್ತ ಒಂದು ಸಂಘದ ಒಂದು ದಿನದ ಠರಾವು ಸಾಕು. ಮಠದ ಯಾತ್ರಿನಿವಾಸಕ್ಕೆ ಎತ್ತಿಟ್ಟ ಜಾಗದಲ್ಲಿ ಚರ್ಮ ತೋಯಿಸಲು ನೀರಿರುವ, ಮಳೆಗಾಲದಲ್ಲಿ ಮಾಲು ಒಣಗಿಸಲು ಸೂರಿರುವ ಒಂದು ಕೆಲಸದ ಶಾಲೆ ಕಟ್ಟಿ. ಮುಂಬಾಗಿಲಲ್ಲೇ ಅವರ ಮಳಿಗೆ ಇರಲಿ, ಹೊಲಿದವರ ಊರಿನ ಹೆಸರು ಅಟ್ಟೆಯ ಮೇಲೆ ಒತ್ತಿರಲಿ. ನೋಡಲು ಬರುವವರು ಆಗಲೂ ಬರಬಹುದು, ಬರಲಿ. ಅವರಿಗೆ ಚರ್ಮದ ವಾಸನೆ ಆಗುವುದಿಲ್ಲ ಎನ್ನುವ ಭಕ್ತರು ಹರಳಯ್ಯನ ಜಯಂತಿಗೂ ಬರುವುದು ಬೇಡ.

ಇದೆಲ್ಲ ಮಾಡಿದರೆ ಕೈಲಾಸವೇ ಧರೆಗಿಳಿಯುತ್ತದೆ ಎಂದು ನಾನು ಹೇಳುವುದಿಲ್ಲ. ಪುಣೆಗೆ ಹೋದ ಹುಡುಗರು ನಾಳೆಯೇ ಬಂದು ರಂಪಿಗೆ ಹಿಡಿಯುತ್ತಾರೆಂಬ ಭ್ರಮೆಯೂ ಇಲ್ಲ. ಕಾಯಕ ಎಂಬ ನಮ್ಮ ಮಾತು ಆ ಓಣಿಯ ಮಕ್ಕಳಿಗೆ ಎಷ್ಟೋ ಸಲ ಹುಟ್ಟಿದಲ್ಲೇ ಇರು ಎಂಬ ಆಜ್ಞೆಯಂತೆ ಕೇಳಿಸಿದೆ, ಅದು ನಮ್ಮ ತಪ್ಪು. ಓದಬೇಕೆಂದ ಹುಡುಗಿಗೆ ಮಠದ ವಸತಿ ನಿಲಯದಲ್ಲಿ ಜಾಗ ಕೊಡಿ, ಶಾಹು ಮಹಾರಾಜರು ನಮ್ಮ ಮಕ್ಕಳಿಗೆ ಕೊಟ್ಟ ಹಾಗೆ. ಹೊಲಿಯಬೇಕೆಂದವನಿಗೆ ಬೆಲೆ ಸಿಗಲಿ. ಆಯ್ಕೆ ಅವರದಾಗಲಿ.

ಯಾತ್ರಿನಿವಾಸದ ಮಾತಿಗೆ ಮತ್ತೊಂದು ಸಭೆ ಶಿವರಾತ್ರಿಯ ಹೊತ್ತಿಗೆ ಸೇರಬೇಕೆಂದು ಅಂದು ಗೊತ್ತಾಗಿತ್ತು. ಆ ಸಭೆಗೆ ಸಮಗಾರ ಓಣಿಯಿಂದ ಇಬ್ಬರನ್ನು, ಅದರಲ್ಲಿ ಒಬ್ಬರು ಜಡೆ ಹೆಣೆಯುವ ತಾಯಿ, ಕರೆಯಬೇಕೆಂದೂ, ಪೂಜ್ಯರ ಎದುರಿನ ಮೊದಲ ಸಾಲಿನಲ್ಲಿ ಕೂಡಿಸಬೇಕೆಂದೂ ನಾನು ಚೀಟಿ ಬರೆದು ಕಳಿಸಿದ್ದೇನೆ. ಆ ಮುದುಕರಿಗೂ ಹೇಳಿದ್ದೇನೆ. "ಕರದ್ರ ಬರ್ತೀನ್ರಿ ಮಾಸ್ತರ, ನಿಂದ್ರಾಕ ಮಾತ್ರ ಆಗೂದಿಲ್ಲ, ಮಣಕಾಲ ನೂಸ್ತಾವು" ಅಂದರು. ಮಠದಿಂದ ಇನ್ನೂ ಉತ್ತರ ಬಂದಿಲ್ಲ.